ಪಾಪಾಸುಕಳ್ಳಿಗೆ ನಾನು ಮಾಡಿದ ಉಪಚಾರ

ಗಿಡದಲ್ಲಿ ಹೂವರಳಿಸಲು ಸ್ವಲ್ಪ ಬುದ್ಧಿ ಬೇಕು, ಅದು ನನ್ನಲ್ಲಿ ಧಾರಾಳವಾಗಿದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನಾನು ಕೆ.ಜಿ.ಎಫ್.ನಲ್ಲಿ ಗಣಿಯ ಉಗ್ರಾಣದ ಗುಮಾಸ್ತ. ನಂದಿದುರ್ಗ ಗಣಿಯ ಸಾಲುಮನೆಯೊಂದರಲ್ಲಿ ನಾನೂ ನನ್ನ ಹೆಂಡತಿ ರತ್ನಮ್ಮನೂ ಹೊಸದಾಗಿ ಸಂಸಾರ ಹೂಡಿದ್ದೆವು. ಗಣಿಗಳು ಸರ್ಕಾರದ ಕೈಗೆ ಬಂದು, ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಸೀಮೆಗೆ ಹೊರಟಿದ್ದ ದಿನಗಳು. ಹಾಗೆ ಹೊರಟ ದೊರೆಯೊಬ್ಬರು ಬಂಗಲೆಯ ಕುಂಡಗಳನ್ನೆಲ್ಲ ಮಾಲಿ ಏಳುಮಲೈಗೆ ಬಿಟ್ಟುಹೋದರು. ಏಳುಮಲೈ ಒಂದನ್ನು ನನಗೆ ತಂದುಕೊಟ್ಟ.

ಕುಂಡದಲ್ಲಿದ್ದದ್ದು ಪಾಪಾಸುಕಳ್ಳಿ. ನಮ್ಮ ಬೇಲಿಗಳಲ್ಲಿ ಬೆಳೆಯುವ ಚಪ್ಪಟೆ ಕಳ್ಳಿಯಲ್ಲ. ಸುಲಿದ ತೆಂಗಿನಕಾಯಿಯಂತೆ ದುಂಡಗೆ, ಮೈತುಂಬ ಮುಳ್ಳು.

“ಇದು ಪೂ ಬಿಡುತ್ತೆ ಸಾರ್. ದೊರೆಸಾನಿ ಹೇಳಿದ್ರು” ಎಂದ ಏಳುಮಲೈ.

“ಯಾವ ಬಣ್ಣ?”

“ತೆರಿಯಾದು ಸಾರ್, ನಂಗೆ ಗೊತ್ತಿಲ್ಲ. ಅದು ಬಿಟ್ಟಾಗ ನಾನು ಊರಿಗೆ ಹೋಗಿದ್ದೆ. ನೀವು ಮಾತ್ರ ಏನೂ ಮಾಡಬಾರ್ದು. ಬಿಸಿಲಲ್ಲಿ ಇಟ್ಟು ಸುಮ್ನೆ ಇರಬೇಕು.”

ಸುಮ್ಮನಿರುವ ಕೆಲಸದಲ್ಲಿ ನನಗೆ ಕಚೇರಿಯ ಅನುಭವ ಬೇಕಾದಷ್ಟಿತ್ತು!

ರತ್ನಮ್ಮ ಕುಂಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. “ಊ ಬಿಟ್ರೆ ಮುಡ್ಕೋಬೋದಾ?”

“ಇದು ನೋಡುವ ಹೂವು. ಮುಡಿಯುವುದಲ್ಲ.”

“ಮುಡ್ಯಕ್ಕಾಗ್ದಿರೋ ಊವಿಗೆ ಇಷ್ಟೊಂದು ಮುಳ್ಳಿನ ಕಾವಲು ಯಾಕೆ?”

ಪ್ರಶ್ನೆ ನ್ಯಾಯವಾಗಿತ್ತು. ಆದರೆ ಅವಳಿಗೂ ಕುತೂಹಲ ಹತ್ತಿತು. ಹೂವು ಗುಲಾಬಿ ಬಣ್ಣದ್ದು ಎಂದು ಅವಳು, ಕೆಂಪು ಎಂದು ನಾನು ವಾದಿಸುತ್ತ ಆ ದಿನ ಸಾರು ಆರಿಹೋಗುವವರೆಗೂ ಕುಳಿತಿದ್ದೆವು.

ನಮ್ಮ ಹೆಡ್ ಗುಮಾಸ್ತರಾದ ನರಸಿಂಗರಾಯರು ದಿನವೂ ತಮ್ಮ ಮನೆಯ ಗುಲಾಬಿಯೊಂದನ್ನು ತಂದು ಮೇಜಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ, ಇಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಬರುವ ಯುಗಾದಿಗೆ ನಮ್ಮ ಮನೆಗೆ ಕಾಫಿಗೆ ಬನ್ನಿ ಸಾರ್. ನೀವು ಕಂಡುಕೇಳರಿಯದ ಹೂವೊಂದನ್ನು ತೋರಿಸುತ್ತೇನೆ!”

“ಬರೋಣ ಬರೋಣ” ಎಂದರು ರಾಯರು. ಪಕ್ಕದ ಮೇಜಿನ ನಾಲ್ವರು ಕರೆಯದೆಯೇ ಒಪ್ಪಿಕೊಂಡರು.

ಇನ್ನು ಸುಮ್ಮನಿರುವುದು ಹೇಗೆ? ಮಾನ ಪಣಕ್ಕಿಟ್ಟಾಗಿತ್ತು. ಆ ಸಂಜೆಯಿಂದಲೇ ಉಪಚಾರ ಆರಂಭಿಸಿದೆ. ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು ನೀರು. ಮೂರನೆಯ ದಿನ ರತ್ನಮ್ಮನ ಕೈಗೆ ಸಿಕ್ಕಿಬಿದ್ದೆ.

“ಬೀದಿ ನಲ್ಲೀಲಿ ಮೂರು ಭಾಷೇಲಿ ಜಗಳ ಆಡಿ ತಂದ ನೀರು ಕಣ್ರೀ ಅದು! ಕುಡಿಯಾಕೇ ಇಲ್ಲ, ಕಳ್ಳಿಗೆ ಉಯ್ತಾ ಇದ್ದೀರಾ?”

ಆಮೇಲಿಂದ ಅಕ್ಕಿ ತೊಳೆದ ನೀರು ಹಾಕತೊಡಗಿದೆ. ಹೂವಿಗೆ ಪುಷ್ಟಿ ಬೇಕೆಂದು ರಾಬರ್ಟ್‌ಸನ್‌ಪೇಟೆಯಿಂದ ಕಡಲೆಕಾಯಿ ಹಿಂಡಿ ತಂದು ನೆನೆಸಿ ಸುರಿದೆ. ಮರುದಿನ ಊರಿನ ಇರುವೆಗಳೆಲ್ಲ ನಮ್ಮ ಮನೆಗೆ ಬಿಡಾರ ಬದಲಿಸಿದವು. ಹಿಂಡಿಯ ವಾಸನೆಗೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು.

ಒಂದು ಭಾನುವಾರ ಗಿಡವನ್ನು ಬೆರಳಿನಿಂದ ಒತ್ತಿನೋಡಿದೆ. ಮುಳ್ಳು ಚುಚ್ಚಿತು, ಅದು ಸರಿ. ಆದರೆ ಗಿಡವೂ ಕೊಳೆತ ಟೊಮೇಟೊದ ಹಾಗೆ ಮೆತ್ತಗೆ ಒಳಕ್ಕೆ ಹೋಯಿತು! ನೀರು ಜಾಸ್ತಿಯಾಗಿದೆ, ಒಣಗಿಸಬೇಕು ಎಂದು ತಕ್ಷಣ ತೀರ್ಮಾನಿಸಿದೆ. ಒಣಗಿಸಲು ಒಲೆಯ ಪಕ್ಕಕ್ಕಿಂತ ಒಳ್ಳೆಯ ಜಾಗ ಯಾವುದು? ಕುಂಡವನ್ನು ಅಲ್ಲಿಟ್ಟು ಪೇಪರ್ ಓದುತ್ತ ಕುಳಿತೆ. ಸುಟ್ಟ ಬದನೆಕಾಯಿಯ ವಾಸನೆ ಬಂದಾಗ ಓಡಿಹೋಗಿ ನೋಡಿದರೆ ಗಿಡದ ಒಂದು ಕೆನ್ನೆ ಕಂದಿತ್ತು.

ಅದೇ ಹೊತ್ತಿಗೆ ಬಾಗಿಲಲ್ಲಿ ನನ್ನ ಮಾವ ಮುನಿಶಾಮಪ್ಪನವರು ನಿಂತಿದ್ದರು. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ರಾಗಿ ಬೆಳೆಯುವವರು. ಒಲೆಯನ್ನೂ ಕುಂಡವನ್ನೂ ನನ್ನನ್ನೂ ಸರದಿಯಾಗಿ ನೋಡಿದರು.

“ಏನ್ ಅಳಿಯಂದ್ರೇ, ಕಳ್ಳಿ ಸುಟ್ಕಂಡು ತಿಂತೀರಾ?”

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಗಿಡವನ್ನು ಗೋಣಿಚೀಲದಲ್ಲಿ ಹಿಡಿದು ಕಿತ್ತು, ಬೇರು ಕೊಡವಿ, ನೆರಳಲ್ಲಿ ಆರಲು ಇಟ್ಟರು. ಎರಡು ದಿನ ಕಳೆದ ಮೇಲೆ ಮರಳು, ಇಟ್ಟಿಗೆ ಚೂರು ತುಂಬಿದ ಕುಂಡದಲ್ಲಿ ನೆಟ್ಟು, ಕುಂಡವನ್ನು ಹಿತ್ತಿಲ ಗೋಡೆಯ ಮೇಲೆ ಕೂರಿಸಿದರು.

“ಚಳಿಗಾಲ ಮುಗಿಯಗಂಟ ಒಂದ್ ತೊಟ್ಟು ನೀರೂ ಬ್ಯಾಡ. ನಾವು ಬೇಲೀಗಾಕ್ದ ಮ್ಯಾಕೆ ಅದರ ಮಕಾನೂ ನೋಡಲ್ಲ ಕಣಪ್ಪಾ.”

ಹೀಗೆಂದು ಹೇಳಿ ಅವರು ರೈಲು ಹತ್ತಿದರು. ಗಿಡ ಸುಧಾರಿಸಿಕೊಂಡಿತು.

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ ಒಂದು ಬೆಳಿಗ್ಗೆ ನೋಡುತ್ತೇನೆ, ಗಿಡದ ಪಕ್ಕೆಯಲ್ಲಿ ಒಂದು ಪುಟ್ಟ ಗುಬುಟು!

“ರತ್ನಾ! ಮೊಗ್ಗು!”

ಅವಳು ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಬ್ಬರೂ ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತೆವು. ಒಳಗೆ ಯಾವ ಬಣ್ಣ ಮಡಿಚಿಕೊಂಡು ಕುಳಿತಿದೆಯೋ ಎಂದು ನಿಜಕ್ಕೂ ಮೈ ಜುಮ್ಮೆಂದಿತು.

ಅಂದಿನಿಂದ ನಾನು ಕಚೇರಿಯಲ್ಲಿ ದಿನವೂ ವರದಿ ಒಪ್ಪಿಸತೊಡಗಿದೆ. ಇಂದು ಕಡಲೆಕಾಳಿನಷ್ಟು. ಇಂದು ಅವರೆಕಾಳಿನಷ್ಟು. ಇಂದು ನೆಲ್ಲಿಕಾಯಿ! ರಾಯರು ಕೂಡ ಬಂದೊಡನೆ ಕೊಡೆ ಮಡಿಸುವ ಮೊದಲೇ “ಎಷ್ಟಾಯಿತಯ್ಯಾ?” ಎಂದು ಕೇಳುತ್ತಿದ್ದರು. ಕಚೇರಿ ಕೆಂಪು, ಹಳದಿ, ಗುಲಾಬಿ ಎಂದು ಮೂರು ಪಕ್ಷವಾಯಿತು.

ಯುಗಾದಿ ಬಂತು. ರಾಯರು ಜರಿ ಪೇಟ ಧರಿಸಿಯೇ ಬಂದರು. ಕಚೇರಿಯ ನಾಲ್ವರು ಬಂದರು, ಹಿಂಡಿಯ ವಾಸನೆ ಮರೆತು ನೆರೆಹೊರೆಯವರು ಬಂದರು, ಏಳುಮಲೈಯೂ ಬಂದ. ರತ್ನಮ್ಮ ಒಬ್ಬಟ್ಟು ಮಾಡಿದ್ದಳು. ನಾನು ಕುಂಡವನ್ನು ಸ್ಟೂಲಿನ ಮೇಲಿಟ್ಟು ಹೊಸ ಟವೆಲ್ ಹೊದಿಸಿದ್ದೆ. ಅನಾವರಣ ಎಂದರೆ ಹಾಗೆ ಇರಬೇಕಲ್ಲ!

ನಾಲ್ಕು ಮಾತಾಡಿ ಟವೆಲ್ ಎಳೆದೆ. ಅದು ಬರಲಿಲ್ಲ. ಮುಳ್ಳು ಹಿಡಿದಿತ್ತು. ಜೋರಾಗಿ ಎಳೆದೆ. ಟವೆಲ್‌ನೊಂದಿಗೆ ಕುಂಡವೂ ಹಾರಿ ನೇರ ನನ್ನ ತೋಳಿಗೆ ಬಂತು. ನಾನು ಕೂಗಿಕೊಂಡರೂ ಕುಂಡವನ್ನು ಬಿಡಲಿಲ್ಲ, ಇದನ್ನು ದಯವಿಟ್ಟು ಗಮನಿಸಬೇಕು. ಟವೆಲ್ ಬಿಡಿಸಿದಾಗ ನಿಂಬೆಹಣ್ಣಿನಷ್ಟು ದಪ್ಪನಾದ ಮೊಗ್ಗು ಸಭೆಗೆ ಕಾಣಿಸಿತು. ಅದಕ್ಕೂ ಮುಳ್ಳಿತ್ತು.

ಏಳುಮಲೈ ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ.

“ಸಾರ್, ಇದು ಪೂ ಇಲ್ಲ. ಕುಟ್ಟಿ!”

“ಕುಟ್ಟಿ ಎಂದರೇನಯ್ಯಾ?” ಎಂದರು ರಾಯರು.

“ಮರಿ ಸಾರ್. ಗಿಡ ಮರಿ ಹಾಕಿದೆ.”

ರಾಯರು ಕಾಫಿಯನ್ನು ಒಂದು ಗುಟುಕು ಕುಡಿದು, ಬಹಳ ಗಂಭೀರವಾಗಿ ಕೇಳಿದರು:

“ತಾಯಿ, ಮಗು ಆರೋಗ್ಯವಷ್ಟೆ?”

ಆಮೇಲೆ ಎದ್ದ ನಗೆಗೆ ಮನೆಯ ತಗಡೇ ಅದುರಿತು. ರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು. ಅಳುತ್ತಿದ್ದಾಳೆಂದು ಹಿಂದೆಯೇ ಹೋದೆ. ಅವಳೂ ನಗುತ್ತಿದ್ದಳು! ಮರುದಿನ ಕಚೇರಿಯಲ್ಲಿ ನಾಮಕರಣ ಯಾವಾಗ ಎಂದು ಕೇಳದ ಪಾಪಾತ್ಮನಿರಲಿಲ್ಲ. ನನ್ನ ಬಾಣಂತನದ ರಜಾ ಅರ್ಜಿಯನ್ನು ಯಾರೋ ಬರೆದು ರಾಯರ ಮೇಜಿನ ಮೇಲೆ ಇಟ್ಟಿದ್ದರು. ಅವರು ಶಿಫಾರಸು ಕೂಡ ಮಾಡಿದ್ದರು.

ಆ ವಾರ ಬಂದ ಮಾವನವರು ಮರಿಯನ್ನು ಮುರಿದು ಟವೆಲ್‌ನಲ್ಲಿ ಸುತ್ತಿಕೊಂಡು ಊರಿಗೆ ಒಯ್ದರು. ತಾಯಿಗಿಡ ನನ್ನ ಬಳಿಯೇ ಉಳಿದು ಮರಿಯ ಮೇಲೆ ಮರಿ ಹಾಕಿತೇ ಹೊರತು ಹೂವಿನ ಸುದ್ದಿ ಎತ್ತಲಿಲ್ಲ.

ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಮಾವನ ಊರಿನವರೊಬ್ಬರು ಬಂದರು: “ಕಳ್ಳಿ ಊ ಬಿಟ್ಟೈತಂತೆ. ಬಿಸ್ಲು ಏರಿ ಊ ಬಾಡೋದ್ರಾಗೆ ಬರ್ಬೇಕಂತೆ.” ಇದ್ದ ಬಟ್ಟೆಯಲ್ಲೇ ಬಂಗಾರಪೇಟೆಯ ರೈಲು ಹಿಡಿದೆವು.

ಕೊಟ್ಟಿಗೆಯ ಮೋಟುಗೋಡೆಯ ಮೇಲೆ, ಬಾಯಿ ಒಡೆದ ಮಡಕೆಯಲ್ಲಿ ಅಂದು ಒಯ್ದ ಮರಿ ಕುಳಿತಿತ್ತು. ಅದರ ಪಕ್ಕೆಯಿಂದ ಗ್ರಾಮಫೋನಿನ ಕಹಳೆಯಂತೆ ಉದ್ದಕ್ಕೆ ಚಾಚಿದ ಹೂವು. ಬಿಳಿ! ಅಚ್ಚ ಬಿಳಿ! ಮೂರು ಪಕ್ಷಗಳೂ ಸೋತಿದ್ದವು. ರತ್ನಮ್ಮ ಮೂಗು ಹತ್ತಿರ ಒಯ್ದು ಕಣ್ಣು ಮುಚ್ಚಿದಳು. “ವಾಸ್ನೆ ಐತೆ ಕಣ್ರೀ” ಎಂದಳು ಪಿಸುಮಾತಿನಲ್ಲಿ.

“ಏನು ಮಾಡಿದಿರಿ ಮಾವ?” ಎಂದೆ.

“ಏನ್ ಮಾಡ್ತಾರಪ್ಪಾ? ಮಡಗಿ ಮರ್ತೋದೆ. ಬೆಳಿಗ್ಗೆ ಎಮ್ಮೆ ಆಲು ಕರ್ಯಕ್ಕೆ ಬಂದಾಗ ಕಂಡಿದ್ದು.”

ಎಸಳು ಎಷ್ಟಿವೆ ಎಂದು ಎಣಿಸಬೇಕೆನಿಸಿ ನಾನು ಎರಡು ಹೆಜ್ಜೆ ಮುಂದಿಟ್ಟೆ.

“ಅಲ್ಲೇ ನಿಂತ್ಕಳಿ!” ಎಂದು ಮಾವ, ಅತ್ತೆ, ರತ್ನಮ್ಮ ಮೂವರೂ ಒಟ್ಟಿಗೆ ಕೂಗಿದರು.

ಅಂಗಳದ ಆಚೆ ತುದಿಯಲ್ಲಿ ಮಂಚ ಹಾಕಿ, ಅಳಿಯನಿಗೆ ಸಲ್ಲಬೇಕಾದ ಎಲ್ಲ ಮರ್ಯಾದೆಯಿಂದ ನನ್ನನ್ನು ಕೂರಿಸಿ, ಕೈಗೆ ಮಜ್ಜಿಗೆ ಕೊಟ್ಟರು. ಹೂವನ್ನು ನಾನು ಅಲ್ಲಿಂದಲೇ, ಕತ್ತು ಉದ್ದ ಮಾಡಿ ನೋಡಿದೆ. ಸರಿಯಾಗಿ ಕಾಣಿಸಲಿಲ್ಲ. ಹೂವಿನ ಪಕ್ಕದಲ್ಲೇ ಅಡ್ಡಲಾಗಿ ಎಮ್ಮೆ ನಿಂತಿತ್ತು. ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ.