ಹೊಳೆಗೆ ಹೂಂಗುಟ್ಟುವ ನಮ್ಮತ್ತೆ

ನಮ್ಮ ಸೋದರತ್ತೆ ಹೊಳೆಯ ಜೊತೆ ಮಾತಾಡುತ್ತಾರೆ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಒಂಟಿಯಾಗಿರುವವರು ಕೋಳಿಯ ಜೊತೆ, ಕುಕ್ಕರಿನ ಜೊತೆ, ಟೀವಿಯ ಜೊತೆ ಮಾತಾಡುವುದಿಲ್ಲವೇ? ಹೆದರಿಕೆಯಾಗುವುದು ಅವರು ಮಾತು ನಿಲ್ಲಿಸಿ, ತಲೆ ಓರೆ ಮಾಡಿ, "ಹೂಂ... ಹೂಂ... ಹೌದಾ?" ಎನ್ನುವಾಗ. ಅಂದರೆ ಆ ಕಡೆಯಿಂದ ಯಾರೋ ಉತ್ತರ ಕೊಡುತ್ತಿದ್ದಾರೆ ಎಂದಾಯಿತಲ್ಲ!

"ಹೊಳಿ ಏನಂತೈತತ್ತಿ?" ಎಂದು ಒಮ್ಮೆ ತಮಾಷೆಗೆ ಕೇಳಿದೆ.

"ನಿನ್ ಬಗ್ಗೆನ ಕೇಳಾಕತ್ತಿತ್ತು. ಈಜು ಬರ್ತೈತೇನಂತ."

ನನಗೆ ಈಜು ಬರುವುದಿಲ್ಲ. ಹೊಸಪೇಟೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡವನಿಗೆ ಈಜು ಯಾಕೆ ಬೇಕು? ಆದರೂ ಅವತ್ತಿನಿಂದ ನಾನು ಹೊಳೆಗೆ ಬೆನ್ನು ಮಾಡಿ ನಿಲ್ಲುವುದನ್ನು ಬಿಟ್ಟಿದ್ದೇನೆ.

ಅತ್ತೆ ಇರುವುದು ಬುಕ್ಕಸಾಗರದಾಚೆ, ಕಂಪ್ಲಿಯ ದಾರಿಯಲ್ಲಿ, ತುಂಗಭದ್ರೆಯ ದಂಡೆಗೆ ಅಂಟಿಕೊಂಡ ಒಂದು ಕೇರಿಯಲ್ಲಿ. ಮುಂದೆ ಭತ್ತದ ಗದ್ದೆ, ಪಕ್ಕಕ್ಕೆ ಬಾಳೆತೋಟ, ಹಿಂದೆ ಬಂಡೆಗಳ ಗುಡ್ಡ, ಗುಡ್ಡದ ನೆತ್ತಿಯಲ್ಲಿ ದೇವರಿಲ್ಲದ ಒಂದು ಕಲ್ಲುಮಂಟಪ. ಹೊಸಪೇಟೆಯ ಸಣ್ಣ ಸೇವಾ ಸಂಸ್ಥೆಯೊಂದು ಅಲ್ಲಿನ ಹಳೇ ಭತ್ತದ ಗೋದಾಮಿನಲ್ಲಿ ಶಿಶುವಿಹಾರ ತೆರೆದು, ನಿವೃತ್ತ ಶಿಕ್ಷಕಿಯಾದ ನಮ್ಮತ್ತೆಯ ಕೈಗೆ ಒಪ್ಪಿಸಿತು. ಅಪ್ಪ ಅಮ್ಮಂದಿರು ಗದ್ದೆಗೆ ಹೋದಾಗ ಪುಟ್ಟ ಮಕ್ಕಳು ಅಲ್ಲಿ ಆಡಿ, ಉಂಡು, ನಾಲ್ಕಕ್ಷರ ಕಲಿಯಬೇಕು. ಇಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಆದರೆ ಅದೇ ಸಂಸ್ಥೆಯವರು ಒಂದು ದಿನ ಊರವರನ್ನು ಕೂರಿಸಿ, ಡ್ಯಾಮಿನಿಂದ ನೀರು ಬಿಟ್ಟಾಗ ಏನು ಮಾಡಬೇಕೆಂದು ತರಬೇತಿ ಕೊಟ್ಟರು. ಊರವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಎದ್ದರು.

"ದೊಡ್ಡೋರು ಕಲಿಯಂಗಿಲ್ಲ ಬಿಡ್ರಿ," ಎಂದರು ಅತ್ತೆ. "ನನ್ ಹುಡುಗ್ರಿಗೆ ನಾ ಕಲಿಸ್ತೀನಿ."

ಕಲಿಸಿದರು ನೋಡಿ! ಅ ಅಂದರೆ ಅಲೆ, ಈ ಅಂದರೆ ಈಜು, ಏ ಅಂದರೆ ಏರು. ಒಬ್ಬ ತಂದೆ ಬಂದು, "ಅರಸ ಎಲ್ಲಿ, ಆನಿ ಎಲ್ಲಿ ಟೀಚರಮ್ಮ?" ಎಂದು ಜಗಳ ತೆಗೆದ.

"ಅರಸ ಎಲ್ಲಿ ಹೋದ ಅಂತ ಹಂಪ್ಯಾಗ ಹೋಗಿ ಕೇಳು. ಆನಿ ಗುಡಿಯಾಗೈತಿ, ಬಂದೋರ ತಲಿ ಮ್ಯಾಲ ಸೊಂಡ್ಲಿ ಇಡಾಕತ್ತೈತಿ. ನೀರು ಬಂದ್ರ ನಿನ್ ಮಗನ್ನ ಕರಕೊಂಡು ಹೋಗಾಕ ಇಬ್ರೂ ಬರಂಗಿಲ್ಲ."

ಆಮೇಲೆ ಶಂಖ ಬಂತು. ಬೆಲ್ಲು ಹೊಳೆಯ ಸಪ್ಪಳದಲ್ಲಿ ಕೇಳುವುದಿಲ್ಲವೆಂದು ಅತ್ತೆ ಒಂದು ಹಳೆಯ ಶಂಖ ತಂದರು. ದಾಸಯ್ಯ ಹೆಣದ ಮುಂದೆ ಊದುತ್ತಾನಲ್ಲ, ಅಂಥದ್ದೇ. ಅದು ಮೊದಲ ಸಲ ಮೊಳಗಿದಾಗ ಗದ್ದೆಯಲ್ಲಿದ್ದವರೆಲ್ಲ ನಾಟಿ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದರು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ. ಹೋಗಬಾರ್ದಂತ ಊದಾಕತ್ತೀನಿ!"

ಶಂಖ ಕೇಳಿದ ಕೂಡಲೇ ಮಕ್ಕಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಹಳೇ ಸೀರೆ ಹೊಸೆದ ಹಗ್ಗದ ಒಂದೊಂದು ಗಂಟು ಹಿಡಿದು, ಬಾಳೆತೋಟದೊಳಗಿಂದ ಮಂಟಪಕ್ಕೆ ಹತ್ತಬೇಕು. ಮಾತಿಲ್ಲ, ಕೂಗಿಲ್ಲ, ಹಿಂದೆ ತಿರುಗಿ ನೋಡುವಂತಿಲ್ಲ. ಬಾಯಿ ಮುಚ್ಚಿ ಮೂಗಿನಲ್ಲೇ "ಮ್ಮ್ಮ್" ಎಂದು ಗುನುಗಬಹುದು, ಅಷ್ಟೇ. ಗುನುಗುವ ಮಗು ಅಳುವುದಿಲ್ಲ ಎಂಬುದು ಅತ್ತೆಯ ಸಿದ್ಧಾಂತ. ಸಿದ್ಧಾಂತವೇನೋ ಒಳ್ಳೆಯದೇ. ಆದರೆ ಗಾಳಿಯಿಲ್ಲದ ಮಧ್ಯಾಹ್ನ, ಎಲೆಯೊಂದೂ ಅಲುಗದ ತೋಟದೊಳಗೆ ಒಂದೇ ಸ್ವರದ ಆ "ಮ್ಮ್ಮ್" ನಿಮ್ಮನ್ನು ದಾಟಿಕೊಂಡು ಹೋದರೆ, ಮತ್ತು ಯಾರೂ ಕಣ್ಣಿಗೆ ಕಾಣದಿದ್ದರೆ? ಸಂಡೂರಿನ ಕಡೆಯಿಂದ ಬಾಳೆಗೊನೆ ಕಡಿಯಲು ಬಂದಿದ್ದ ಒಬ್ಬ ಮಚ್ಚು ಬಿಸಾಡಿ ಓಡಿದವನು ಇನ್ನೂ ತಿರುಗಿ ಬಂದಿಲ್ಲ!

ಸಂಸ್ಥೆಯ ಮೇಡಂ ಒಬ್ಬರು ಮಕ್ಕಳ ಕಲಿಕೆ ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಮಕ್ಕಳೆಲ್ಲ ನೆಲದ ಮೇಲೆ ಕೂತು ಆಡುತ್ತಿದ್ದರು. ಮೇಡಂ ಕನ್ನಡಕ ಹುಡುಕಲೆಂದು ಬ್ಯಾಗಿನೊಳಗೆ ಮುಖ ಹಾಕಿದರು. ಅತ್ತೆ ಶಂಖ ಊದಲಿಲ್ಲ, ಸುಮ್ಮನೆ ಕೈ ಎತ್ತಿದರು. ಮೇಡಂ ಕನ್ನಡಕ ಹಾಕಿಕೊಂಡು ತಲೆ ಎತ್ತಿದಾಗ ಕೋಣೆ ಖಾಲಿ. ಮೇಲೆ ಫ್ಯಾನು ತಿರುಗುತ್ತಿತ್ತು. ನೆಲದ ಮೇಲೆ ಒಂದು ಬುಗುರಿ ಕೂಡ ಇನ್ನೂ ತಿರುಗುತ್ತಲೇ ಇತ್ತು.

ಮೇಡಂ ನನ್ನ ಮುಖ ನೋಡಿದರು. ನನಗೆ ಗುಟ್ಟು ಗೊತ್ತಿದ್ದರೂ ಬೆನ್ನು ತಣ್ಣಗಾಗಿತ್ತು. ಇಬ್ಬರೂ ಏದುಸಿರು ಬಿಡುತ್ತ ಗುಡ್ಡ ಹತ್ತಿದರೆ, ಮಂಟಪದ ಕಂಬಗಳಿಗೆ ಒರಗಿ, ಕಣ್ಣು ಮುಚ್ಚಿ, ಮಕ್ಕಳು ಗುನುಗುತ್ತ ಕೂತಿದ್ದರು.

"ಕಲಿಕಿ ಹೆಂಗೈತ್ರಿ ಮೇಡಂ?" ಅತ್ತೆ ಕೇಳಿದರು.

"ಚೆನ್ನಾಗಿದೆ... ಸ್ವಲ್ಪ ನೀರು ಇದ್ದರೆ..."

"ನೀರಿನ ಹೆಸ್ರು ಇಲ್ಲಿ ತಗೀಬ್ಯಾಡ್ರಿ!"

ನಗುತ್ತಿದ್ದೆವು, ಕಳೆದ ಮಳೆಗಾಲದವರೆಗೆ.

ನಮ್ಮ ಕಡೆಯ ನೆರೆ ಬಲು ಕಳ್ಳ. ಮಳೆ ಎಲ್ಲೋ ಮೇಲೆ ಬೀಳುತ್ತದೆ; ಇಲ್ಲಿ ಆಕಾಶ ಶುಭ್ರ, ಬಿಸಿಲು ಚುರುಗುಟ್ಟುತ್ತಿರುತ್ತದೆ, ಹೊಳೆ ಮಾತ್ರ ಏರುತ್ತದೆ. ಅಂದು ನೀರು ಬಿಡುತ್ತಾರೆಂದು ಊರಲ್ಲಿ ಸಾರಿದ್ದರು. ಸಂಜೆಗೆ ಬಂದೀತು ಎಂದು ಎಲ್ಲರೂ ಗದ್ದೆಗೆ ಹೋಗಿದ್ದರು. ನಾನು ಮಕ್ಕಳಿಗೆ ಬಣ್ಣದ ಪೆನ್ಸಿಲು ತೆಗೆದುಕೊಂಡು ಹೋದಾಗ ಅತ್ತೆ ಬರಿಗಾಲಲ್ಲಿ ದಂಡೆಯ ಮೇಲೆ ನಿಂತಿದ್ದರು.

"ಏನಂತೈತತ್ತಿ ನಿಮ್ ಹೊಳಿ?"

"ಏನೂ ಅನವಲ್ದು," ಎಂದರು. ಅವರ ಮುಖ ನಾನು ಎಂದೂ ನೋಡದ ಹಾಗಿತ್ತು.

ಆಗಲೇ ನನಗೆ ಗೊತ್ತಾದದ್ದು, ಕಪ್ಪೆ ಕೂಗುತ್ತಿಲ್ಲ. ಹಕ್ಕಿಯ ಸದ್ದೂ ಇಲ್ಲ. ನಾವು ನೋಡುತ್ತಿದ್ದಂತೆಯೇ ಬಟ್ಟೆ ಒಗೆಯುವ ಕಲ್ಲು ಒಂದಿಷ್ಟೂ ಸಪ್ಪಳವಿಲ್ಲದೆ ನೀರೊಳಗೆ ಹೋಯಿತು. ಅತ್ತೆ ಓಡಿಹೋಗಿ ಶಂಖ ಊದಿದರು.

ಮಕ್ಕಳು ಹಗ್ಗ ಹಿಡಿದರು, ಅತ್ತೆಯೂ ನಾನೂ ಮುಂದೆ ನಡೆದೆವು. ತೋಟದ ಅರ್ಧಕ್ಕೆ ಬರುವಷ್ಟರಲ್ಲಿ ಗದ್ದೆಯ ಕಡೆಯಿಂದ ಕೆಂಪು ನೀರು ಬಾಳೆಯ ಬುಡಗಳ ನಡುವೆ ತೆವಳಿಕೊಂಡು ಬರುತ್ತಿತ್ತು. ಒಂದು ಮಗುವೂ ಅಳಲಿಲ್ಲ. ಮ್ಮ್ಮ್, ಮ್ಮ್ಮ್. ಮಂಟಪದ ಕೆಳಗಿನ ಬಂಡೆಯ ಹತ್ತಿರ ಅತ್ತೆ ತಟ್ಟನೆ ನಿಂತರು. ಹಗ್ಗದ ಕೊನೆಯ ಗಂಟು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು.

"ಪಾರಿ ಎಲ್ಲೈತಿ?"

ಪಾರಿ ನಾಲ್ಕು ವರ್ಷದ ಹುಡುಗಿ. ಅವಳು ಕೈಬಿಟ್ಟದ್ದು ಹಗ್ಗ ಸಡಿಲವಾದಾಗಲೇ ಮುಂದಿನ ಹುಡುಗನಿಗೆ ಗೊತ್ತಾಗಿತ್ತಂತೆ. ಆದರೆ ಮಾತಾಡಬಾರದಲ್ಲ! ಅತ್ತೆ ಶಂಖವನ್ನು ನನ್ನ ಎದೆಗೆ ನೂಕಿದರು. "ಹುಡುಗ್ರನ್ನ ಮ್ಯಾಲ ಒಯ್ಯಿ. ನಿನಗ ಈಜು ಬರಂಗಿಲ್ಲ," ಎಂದವರೇ ಸೀರೆ ಎತ್ತಿ ಕಟ್ಟಿ ತೋಟದೊಳಗೆ ಇಳಿದರು.

ಮಂಟಪದಿಂದ ನೋಡಿದೆ. ಗದ್ದೆ ಇಲ್ಲ, ದಾರಿ ಇಲ್ಲ. ಬಾಳೆಯ ತಲೆಗಳು, ಗೋದಾಮಿನ ತಗಡು, ಉಳಿದದ್ದೆಲ್ಲ ಬಿಸಿಲಲ್ಲಿ ಹೊಳೆಯುವ ಕೆಂಪು. "ಅತ್ತೀ!" ಎಂದು ಕೂಗಿದೆ; ಬಂಡೆಗಳು ನನ್ನದೇ ದನಿಯನ್ನು ತಿರುಗಿ ಕೊಟ್ಟವು. ಶಂಖ ಊದಿದೆ, ಎಮ್ಮೆ ಕೆಮ್ಮಿದಂತೆ ಸದ್ದಾಯಿತು. ಬೇರೆ ದಿನವಾಗಿದ್ದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವರು ಕಣ್ಣು ಮುಚ್ಚಿ ಗುನುಗುತ್ತಲೇ ಇದ್ದರು. ನನಗೂ ಬೇರೇನೂ ತೋಚದೆ ಅವರ ಮಧ್ಯೆ ಕೂತು ಗುನುಗತೊಡಗಿದೆ.

ಬಹಳ ಹೊತ್ತಿನ ಮೇಲೆ ಬಾಳೆಗಳ ನಡುವೆ ಏನೋ ಕಾಣಿಸಿತು. ನೀರಿನ ಮೇಲೆ, ಗಾಳಿಯಲ್ಲಿ, ಒಂದು ಜೊತೆ ಚಪ್ಪಲಿ ನಡೆದುಕೊಂಡು ಬರುತ್ತಿತ್ತು. ಮತ್ತೆ ಚಪ್ಪಲಿಯ ಕೆಳಗೆ ಎರಡು ಪುಟ್ಟ ಕೈ, ಕೈಗಳ ಕೆಳಗೆ ಪಾರಿಯ ತಲೆ, ಅದರ ಕೆಳಗೆ, ಗಂಟಲುಮಟ್ಟ ನೀರಿನಲ್ಲಿ, ನಮ್ಮತ್ತೆ.

ಬಂಡೆಯ ಹತ್ತಿರ ಇಬ್ಬರನ್ನೂ ಎಳೆದುಕೊಂಡೆ. ಅತ್ತೆ ಮಂಟಪದ ಕಲ್ಲಿನ ಮೇಲೆ ಕುಸಿದು ಕೂತರು. ಪಾದವೆಲ್ಲ ಗಾಯ, ರಕ್ತ. ಉಸಿರು ಹತೋಟಿಗೆ ಬಂದ ಮೇಲೆ ಪಾರಿಯ ರಟ್ಟೆ ಹಿಡಿದರು.

"ತಿರುಗಿ ಹೋಗಬಾರ್ದಂತ ಎಷ್ಟು ಸಲ ಹೇಳೀನಿ? ಯಾಕ ಹೋದಿ? ಯಾಕ?"

"ನೀ ಚಪ್ಲಿ ಬಿಟ್ಟು ಬಂದಿದ್ದಿ ಅಜ್ಜಿ," ಎಂದಳು ಪಾರಿ. "ಗುಡ್ಡದಾಗ ಮುಳ್ಳು ಇರ್ತಾವ."

ಅತ್ತೆಯ ಕೈ ಸಡಿಲವಾಯಿತು. ಪಾರಿ ಕುಕ್ಕರಗಾಲಿನಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು, ಬಹಳ ಕಾಳಜಿಯಿಂದ ಎಡದ ಚಪ್ಪಲಿಯನ್ನು ಬಲಗಾಲಿಗೂ ಬಲದ್ದನ್ನು ಎಡಗಾಲಿಗೂ ತೊಡಿಸಿದಳು. ಅತ್ತೆ ಸುಮ್ಮನೆ ಕಾಲು ಕೊಟ್ಟರು. ಅವರ ಗಲ್ಲದಿಂದ ಇಳಿಯುತ್ತಿದ್ದುದು ಹೊಳೆಯ ನೀರಲ್ಲ.

ಸಂಜೆ ಸಂಸ್ಥೆಯವರು ಟ್ರ್ಯಾಕ್ಟರಿನಲ್ಲಿ, ಶಂಖ ಕೇಳಿ ಗದ್ದೆಯಿಂದ ದಿಬ್ಬಕ್ಕೆ ಓಡಿದ್ದ ಅಪ್ಪ ಅಮ್ಮಂದಿರನ್ನೂ ಹತ್ತಿಸಿಕೊಂಡು, ಗುಡ್ಡದ ಆ ಬದಿಗೆ ಬಂದರು. ಕೆಳಗಿಳಿಯುವಾಗ ಅತ್ತೆ ಎಡವುತ್ತಿದ್ದರು. ಚಪ್ಪಲಿ ಬದಲಿಸಲೆಂದು ನಾನು ಬಗ್ಗಿದೆ.

"ಮುಟ್ಟಬ್ಯಾಡಲೇ," ಎಂದರು. "ಸರಿಯಾಗೇ ಅದಾವ."