ಅಕ್ಷತೆ ಮೇಲೆ, ಕ್ಯಾಮೆರಾ ಕೆಳಗೆ

ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ವಿಮಾನ ನಿಲ್ದಾಣದ ಒಳಗೆ ಹೋದ ಮನುಷ್ಯ ಮರ್ಯಾದೆ ಉಳಿಸಿಕೊಂಡು ಆಚೆ ಬಂದದ್ದನ್ನು ನಾನಂತೂ ಕಂಡಿಲ್ಲ. ನನಗೆ ಪ್ರತಿ ಸಲವೂ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ಹೋದರೆ ಎಲ್ಲೋ ತಪ್ಪು ಬಾಗಿಲಿಗೆ ಬಂದೆನೇನೋ ಎಂದು ಗಾಬರಿಯಾಗುತ್ತದೆ.

ಹುಣಸೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ. ಬಹಳ ವರ್ಷ ಮದುವೆ ಎಂದರೆ ಪಿರಿಯಾಪಟ್ಟಣದ ಛತ್ರ, ಕೆ.ಆರ್. ನಗರದ ಛತ್ರ, ಕೋಟೆ ತಾಲ್ಲೂಕಿನ ಛತ್ರ. ಮೊಪೆಡ್ಡಿನಲ್ಲಿ ಹೋಗಿ, ಫೋಟೋ ತೆಗೆದು, ಕೊನೇ ಪಂಕ್ತಿಯಲ್ಲಿ ಉಳಿದದ್ದನ್ನು ಉಂಡು ಬರುವ ಕೆಲಸ. ಈಗ ನಮ್ಮ ಕಡೆಯವರಿಗೆ ಛತ್ರ ಸಾಲದು. ಮದುವೆಗೆ ಸಮುದ್ರ ಬೇಕು, ಅರಮನೆ ಬೇಕು. ಸಮುದ್ರದ ಪಕ್ಕದಲ್ಲೂ ಫೋಟೋದವನು ಸಿಗುತ್ತಾನೆ. ಆದರೆ ಅವನ ರೇಟು ಕೇಳಿದ ಕೂಡಲೇ ಇವರಿಗೆ ಊರಿನ ಅಭಿಮಾನ ಉಕ್ಕಿ ಬರುತ್ತದೆ. "ನಮ್ಮೋರೇ ಇರ್ಲಿ ಬುಡಿ" ಅನ್ನುತ್ತಾರೆ. ಹಾಗೆ ವಿಮಾನ ಹತ್ತಿದವನು ನಾನು, ಅಭಿಮಾನದಿಂದಲ್ಲ, ಅಗ್ಗದಿಂದ.

ಗಾಜಿನ ಲೋಟದ ಚಿತ್ರ

ಮೊದಲ ಸಲ ಹೋದಾಗ ಕ್ಯಾಮೆರಾ ಚೀಲವನ್ನು ಕೈಯಲ್ಲೇ ಇಟ್ಟುಕೊಳ್ಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೌಂಟರಿನ ಹುಡುಗಿ "ಕೊಡಿ ಸರ್" ಅಂದಳು, ಕೊಟ್ಟೆ. "ಒಳಗೆ ಗಾಜು ಇದೆ ಕಣಮ್ಮ, ಹುಷಾರು" ಅಂದೆ. ಅವಳು ನಕ್ಕು, ಗಾಜಿನ ಲೋಟದ ಚಿತ್ರವಿದ್ದ ಕೆಂಪು ಸ್ಟಿಕ್ಕರೊಂದನ್ನು ಚೀಲಕ್ಕೆ ಅಂಟಿಸಿದಳು. ಹುಣಸೂರು ಬಸ್ಸಿನಲ್ಲಿ ಇದೇ ಚೀಲಕ್ಕೆ ಕಂಡಕ್ಟರು ಲಗೇಜ್ ಟಿಕೆಟ್ ಹರಿಯುತ್ತಾನೆ. ಇಲ್ಲಿ ನೋಡಿದರೆ ಸ್ಟಿಕ್ಕರಿನ ಗೌರವ. ವಿಮಾನದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಇಳಿದ ಮೇಲೆ ನೋಡುತ್ತೇನೆ, ಬೆಲ್ಟಿನ ಮೇಲೆ ಚೀಲ ತಲೆಕೆಳಗಾಗಿ ಬರುತ್ತಿದೆ. ದೊಡ್ಡ ಲೆನ್ಸ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಡಬ್ಬಿಯೊಳಗೆ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಸದ್ದು.

ದೂರು ಕೇಳುವವರ ಹತ್ತಿರ ಹೋದೆ. ಟೈ ಕಟ್ಟಿದ್ದವರು ಕೇಳಿದರು, "ಸ್ಟಿಕ್ಕರ್ ಅಂಟಿಸಿದ್ದರಾ ಸರ್?"

"ಅಂಟಿಸಿದ್ದರು."

"ಕಿತ್ತುಹೋಗಿದೆಯಾ?"

"ಇಲ್ಲ, ಹಾಗೇ ಇದೆ."

ಅವರು ಬಗ್ಗಿ ಸ್ಟಿಕ್ಕರನ್ನು ನೋಡಿದರು, ಬೆರಳಿನಿಂದ ಅಂಚು ಒತ್ತಿದರು, ಮುಖ ಅರಳಿತು. "ಮತ್ತೆ ಎಲ್ಲ ಸರಿಯಾಗಿದೆಯಲ್ಲ ಸರ್" ಅಂದರು.

ಅಂಗಿಯೊಳಗಿನ ಸಂತೆ

ಹೊಸ ಲೆನ್ಸ್ ಬಂತು. ಅದು ಬರುವ ಮೊದಲು ಹೆಂಡತಿಯ ಕೈಯಿಂದ ಎರಡು ಬಳೆ ಇಳಿದವು. ಅವಳು ಅದನ್ನು ಲೆನ್ಸ್ ಎಂದು ಒಂದು ದಿನವೂ ಕರೆದಿಲ್ಲ. ನಾನು ಮದುವೆಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, "ನನ್ನ ಬಳೆ ಜ್ವಾಪಾನ" ಅನ್ನುತ್ತಾಳೆ. ಇನ್ನು ಸತ್ತರೂ ಚೀಲವನ್ನು ಕೈ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಆದರೆ ಕೈಚೀಲ ಏಳು ಕೆಜಿ ದಾಟಬಾರದಂತೆ. ನನ್ನ ಚೀಲ ಖಾಲಿ ಇದ್ದರೇ ಅದರ ಅರ್ಧ ತೂಗುತ್ತದೆ. ನಮ್ಮೂರಿನ ಟೈಲರಿಗೆ ಹೇಳಿ ಒಂದು ವೇಸ್ಟ್‌ಕೋಟ್ ಹೊಲಿಸಿದೆ. ಒಳಗೂ ಜೇಬು, ಹೊರಗೂ ಜೇಬು, ಬೆನ್ನಿನಲ್ಲೂ ಜೇಬು. ಲೆನ್ಸು, ಫ್ಲಾಶು, ಚಾರ್ಜರು ಎಲ್ಲವನ್ನೂ ಮೈಮೇಲೆ ಹೇರಿಕೊಂಡು, ತುಂಬು ಬಸುರಿಯ ಹಾಗೆ ಹೆಜ್ಜೆ ಹಾಕುತ್ತ ಕೌಂಟರಿಗೆ ಹೋದೆ. ಚೀಲ ತೂಗಿದರು, ಪಾಸಾಯಿತು. ಮನುಷ್ಯನನ್ನು ತೂಗುವ ಪದ್ಧತಿ ಇನ್ನೂ ಬಂದಿಲ್ಲ.

ತಪಾಸಣೆಯ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಯಂತ್ರ ಅರಚಿಕೊಂಡಿತು. ಒಂದೊಂದೇ ತೆಗೆದು ಟ್ರೇಗಳಿಗೆ ಹಾಕಿದೆ. ಟ್ರೇ ಸಾಲದೆ ಹಿಂದಿನವರದನ್ನೂ ಕೇಳಿ ತೆಗೆದುಕೊಂಡೆ. ನನ್ನ ಹಿಂದೆ ಪಿರಿಯಾಪಟ್ಟಣ ಕಡೆಯ ಯಜಮಾನರೊಬ್ಬರು ಬೆಲ್ಟು ಬಿಚ್ಚಿ ಪಂಚೆ ಹಿಡಿದುಕೊಂಡು ನಿಂತಿದ್ದರು. ಹರಡಿಕೊಂಡ ಸಾಮಾನನ್ನು ತಿರುಗಿಸಿ ತಿರುಗಿಸಿ ನೋಡಿದರು.

ತಪಾಸಣೆಯ ಅಧಿಕಾರಿ, "ಇದೆಲ್ಲ ಅಂಗಿಯಲ್ಲಿ ಯಾಕೆ, ಬ್ಯಾಗಿಗೆ ಹಾಕಿ" ಎಂದು ನಿಂತು ಹಾಕಿಸಿದರು. ವಿಮಾನದ ಗೇಟಿನ ಹುಡುಗಿ ಚೀಲ ಎತ್ತಿ ನೋಡಿ, "ತೂಕ ಜಾಸ್ತಿ ಸರ್, ಕೆಳಗೆ ಹಾಕಬೇಕು" ಅಂದಳು. ಅವಳ ಎದುರೇ ನೆಲದಲ್ಲಿ ಕೂತು ಮತ್ತೆ ಎಲ್ಲವನ್ನೂ ಅಂಗಿಗೆ ತುಂಬಿಕೊಂಡೆ. ಭಾರ ಅಷ್ಟೇ, ಹೊರುವವನೂ ನಾನೇ. ಅವಳಿಗೆ ಸಮಾಧಾನವಾಯಿತು.

ಬೆವರು ಒರೆಸಿಕೊಂಡು ಸೀಟಿಗೆ ಬಂದರೆ ಪಕ್ಕದಲ್ಲಿ ಅದೇ ಯಜಮಾನರು. ನನ್ನ ಜೇಬುಗಳನ್ನು ನೋಡಿ ಕನಿಕರದಿಂದ ಕೇಳಿದರು, "ಏನೂ ಯಾಪಾರ ಆಗ್ಲಿಲ್ವಾ? ಎಲ್ಲಾ ಅಂಗೇ ಕಟ್ಕೊಂಡ್ ಬಂದ್ಬುಟ್ರಲ್ಲ."

ದಣಿದ ಮದುಮಗ

ನಮ್ಮ ಕಸುಬಿನಲ್ಲಿ ಮದುವೆ ಒಂದೇ ಇರುವುದಿಲ್ಲ. ಕೋಟೆ ತಾಲ್ಲೂಕಿನಲ್ಲಿ ಬೇಗೂರಿನ ಆಚೆ ಒಂದು ಸಾವಾಯಿತು ಎಂದು ಕರೆ ಬಂತು. ತುಂಬು ಬಾಳು ಬಾಳಿದ ಹಿರಿಯರು. ಶಿವಭಕ್ತರ ಮನೆಯಾದ್ದರಿಂದ ಪದ್ಧತಿಯಂತೆ ದೇಹವನ್ನು ಕೂರಿಸಿದ್ದರು. ಹೊಸ ಪಂಚೆ, ಹಣೆತುಂಬ ವಿಭೂತಿ, ತಲೆಗೆ ಪೇಟ, ಕೊರಳಿಗೆ ಎದೆ ಮುಚ್ಚುವಷ್ಟು ಹೂವಿನ ಹಾರ. ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತರು. "ಎಲ್ರೂ ಬರೋ ಅಂಗೆ ಒಂದ್ ಹೊಡೀರಿ" ಅಂದರು. ಹೊಡೆದೆ.

ಮಾರನೆಯ ದಿನವೇ ಒಂದು ಮದುವೆಗೆ ವಿಮಾನ. ಕ್ಯಾಮೆರಾ ನಿಜವಾಗಿಯೂ ಕ್ಯಾಮೆರಾವೇ ಎಂದು ರುಜುವಾತು ಮಾಡಬೇಕಲ್ಲ, ತಪಾಸಣೆಯ ಅಧಿಕಾರಿ, "ಆನ್ ಮಾಡಿ, ಒಂದು ಫೋಟೋ ತೋರಿಸಿ" ಎಂದು ಹಿಂದಿಯಲ್ಲಿ ಹೇಳಿದರು. ನಾನು ಮದುವೆ ಫೋಟೋದವನು ಎಂದು ಆಗಲೇ ಹೇಳಿದ್ದೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಹಿರಿಯರು ಬಂದರು.

ಅಧಿಕಾರಿ ಬಗ್ಗಿ ನೋಡಿದರು. ಪೇಟ, ಹಾರ, ಸುತ್ತ ನೆಂಟರಿಷ್ಟರು. "ಮದುಮಗನಿಗೆ ಸ್ವಲ್ಪ ವಯಸ್ಸಾಗಿದೆ" ಅಂದರು.

"ಹೌದು ಸರ್" ಅಂದೆ. ನನಗೆ ಬರುವ ಹಿಂದಿ ಚೌಕಾಸಿಗೆ ಸಾಲುತ್ತದೆ, ಸಾವನ್ನು ವಿವರಿಸುವುದಕ್ಕೆ ಸಾಲುವುದಿಲ್ಲ.

"ಕಣ್ಣು ಮುಚ್ಚಿದ್ದಾರೆ."

"ತುಂಬ ದಣಿದಿದ್ದರು ಸರ್."

ಅವರು ಪಕ್ಕದವರನ್ನೂ ಕರೆದು ತೋರಿಸಿದರು. ಈ ವಯಸ್ಸಿನಲ್ಲೂ ಎಷ್ಟು ಧೈರ್ಯ ನೋಡು ಎಂದು ಇಬ್ಬರೂ ಮೆಚ್ಚಿಕೊಂಡರು. ಬಹಳ ವರ್ಷದಲ್ಲಿ ನನ್ನ ಫೋಟೋ ಒಂದನ್ನು ನಿಲ್ದಾಣದಲ್ಲಿ ಯಾರಾದರೂ ಮೆಚ್ಚಿದ್ದರೆ ಅದೊಂದೇ. ಕ್ಯಾಮೆರಾ ವಾಪಸ್ ಕೊಡುತ್ತ, "ನನ್ನ ಕಡೆಯಿಂದ ಅವರಿಗೆ ಶುಭಾಶಯ ಹೇಳಿ" ಅಂದರು.

"ಸಿಕ್ಕಾಗ ಹೇಳ್ತೀನಿ ಸರ್" ಅಂದೆ. "ಅವಸರ ಏನಿಲ್ಲ."

ಮನೆ ಮಗ

ಕೆ.ಆರ್. ನಗರದಲ್ಲಿ ಅಕ್ಕಿ ಮಿಲ್ಲು ಇಟ್ಟಿರುವ ಸಾಹುಕಾರರೊಬ್ಬರು ಮಗಳ ಮದುವೆಯನ್ನು ಗೋವಾದಲ್ಲಿ ಇಟ್ಟುಕೊಂಡರು. ಹೊರಡುವ ಹಿಂದಿನ ದಿನ ಒಳ್ಳೆ ಮಳೆ ಬಿದ್ದಿತ್ತು. ಗಾವಡಗೆರೆ ಹತ್ತಿರ ನನ್ನದೊಂದು ತುಂಡು ಹೊಲವಿದೆ. ಹದದಲ್ಲಿ ಮೇಲುಗೊಬ್ಬರ ಕೊಡದಿದ್ದರೆ ಜೋಳ ನಮ್ಮ ಮದುವೆ ಮುಗಿಯಲಿ ಎಂದು ಕಾಯುತ್ತದೆಯೇ? ಬೆಳಗ್ಗೆ ಮೊಪೆಡ್ಡಿನ ಮುಂದೆ ಯೂರಿಯಾ ಚೀಲ, ಅದರ ಮೇಲೆ ಕ್ಯಾಮೆರಾ ಚೀಲ ಇಟ್ಟುಕೊಂಡು ಹೊಲಕ್ಕೆ ಹೋಗಿ, ಗೊಬ್ಬರ ಎರಚಿ, ಕೈ ತೊಳೆದ ಶಾಸ್ತ್ರ ಮಾಡಿ, ಹಾಗೇ ಅವರ ಮದುವೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿ ನೆಂಟರಿಗೆಲ್ಲ ಹೇಳಿದ್ದೇ ಹೇಳಿದ್ದು, "ಈವಪ್ಪ ನಮ್ಮನೆ ಮಗ ಇದ್ದಂಗೆ."

ತಪಾಸಣೆಯಲ್ಲಿ ಒಬ್ಬರು ನನ್ನ ಚೀಲಕ್ಕೆ ಸಣ್ಣ ಬಟ್ಟೆಚೂರೊಂದನ್ನು ಒರೆಸಿ ಯಂತ್ರಕ್ಕೆ ಕೊಟ್ಟರು. ಸಿಡಿಮದ್ದು ಇದೆಯೇ ಎಂದು ನೋಡುವ ಯಂತ್ರವಂತೆ. ಅದು ಕೆಂಪಗಾಗಿ ಕೂಗಿಕೊಂಡಿತು. ನನ್ನ ಕೈಗೆ ಒರೆಸಿದರು, ಇನ್ನೂ ಜೋರಾಗಿ ಕೂಗಿತು. ಸುತ್ತ ನಾಲ್ಕು ಜನ ಬಂದು ನಿಂತರು. "ಜೊತೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ನಾನು ಸಾಹುಕಾರರನ್ನು ತೋರಿಸಿದೆ.

ಸಾಹುಕಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರೋ ಕಾಣೆ ಕಣ್ರೀ. ಬಸ್ಸಲ್ಲಿ ಪಕ್ಕದಾಗೆ ಕೂತಿದ್ರು" ಅಂದರು. ಅವರ ನೆಂಟರೆಲ್ಲ ಒಟ್ಟಿಗೆ ಚಾವಣಿ ನೋಡತೊಡಗಿದರು.

ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು ನನ್ನ ಉಗುರು ನೋಡಿದರು. ಸಂದಿಯಲ್ಲಿ ಬಿಳಿಯ ಕಾಳು ಮೆತ್ತಿಕೊಂಡಿತ್ತು. "ಯೂರಿಯಾನಾ?" ಎಂದು ಕನ್ನಡದಲ್ಲೇ ಕೇಳಿದರು. "ಹೌದು ಸರ್, ಜೋಳಕ್ಕೆ." "ಮಳೆ ಚೆನ್ನಾಗಾಯ್ತಾ?" "ಪರವಾಗಿಲ್ಲ ಸರ್." ಚೀಲವನ್ನೆಲ್ಲ ಇನ್ನೊಮ್ಮೆ ಬಿಚ್ಚಿಸಿ ನೋಡಿ, ಕೈ ತೊಳೆಸಿ ಬಿಟ್ಟರು.

ಓಡೋಡಿ ಗೇಟಿಗೆ ಬಂದರೆ ಸಾಹುಕಾರರು ಕಾಫಿ ಕುಡಿಯುತ್ತ ಕೂತಿದ್ದಾರೆ. "ಏನ್ ಪೋಟೋದೋರೆ, ಎಲ್ಗೋಗಿದ್ರಿ? ಮನೆ ಮಗ ಅಂತ ಅಂದ್ಕೊಂಡ್ರೆ ನೀವು ಇಂಗಾ ಕೈ ಕೊಡೋದು?"

ಕಾಲ ಕೆಳಗೆ ಹೋಗಬಾರದ್ದು

ಅದೇ ವಿಮಾನಕ್ಕೆ ಕೊನೆಯವನಾಗಿ ಹತ್ತಿದೆ. ಸೀಟಿನ ಮೇಲಿನ ಗೂಡುಗಳೆಲ್ಲ ಭರ್ತಿ. ನನ್ನ ಸೀಟಿನ ಮೇಲಿದ್ದ ಗೂಡಿನಲ್ಲಿ ಸಾಹುಕಾರರ ಹಳದಿ ಬಟ್ಟೆಯ ಚೀಲ ಕಾಲು ಚಾಚಿ ಮಲಗಿತ್ತು. ಅದರಲ್ಲಿದ್ದದ್ದು ಅಕ್ಷತೆ. ಸ್ವಂತ ಮಿಲ್ಲಿನ ಅಕ್ಕಿ, ಅರಿಸಿನ ಹಚ್ಚಿ, ಮನೆದೇವರ ಮುಂದೆ ಇಟ್ಟು ಪೂಜೆ ಮಾಡಿಸಿದ್ದು.

ಗಗನಸಖಿ ನನ್ನ ಚೀಲ ನೋಡಿ, "ಜಾಗ ಇಲ್ಲ ಸರ್, ಕೆಳಗೆ ಕಳಿಸಬೇಕು" ಅಂದಳು.

"ತೊಡೆ ಮೇಲೆ ಇಟ್ಕೊಳ್ತೀನಿ ಕಣಮ್ಮ."

"ನಿಮ್ಮದು ತುರ್ತು ಬಾಗಿಲಿನ ಸೀಟು. ತೊಡೆ ಮೇಲೂ ಕಾಲ ಹತ್ತಿರವೂ ಏನೂ ಇಡೋ ಹಾಗಿಲ್ಲ."

ಆ ಬಾಗಿಲು ತಾನಾಗಿ ತೆರೆದುಕೊಂಡರೆ ಎಂಬ ಭಯಕ್ಕೆ ಮದುವೆ ಮನೆಯವರು ಯಾರೂ ಅಲ್ಲಿ ಕೂರದೆ ನನಗೆ ಬಿಟ್ಟಿದ್ದರು. ಎದ್ದು ಹೋಗಿ ಸಾಹುಕಾರರನ್ನು ಕೇಳಿಕೊಂಡೆ, "ಯಜಮಾನ್ರೆ, ಆ ಅಕ್ಕಿಚೀಲ ಒಂದನ್ನ ಕೆಳಗೆ ಕಳಿಸಿದ್ರೆ ನನ್ನದು ಮೇಲಿರುತ್ತೆ. ಇದರಲ್ಲಿ ಗಾಜಿದೆ. ನನ್ನ ಹೆಂಡತಿ ಬಳೆ ಇದೆ."

ಸಾಹುಕಾರರು ಕಿವಿ ಮುಚ್ಚಿಕೊಂಡರು. "ಏನ್ ಮಾತು ಅಂತ ಆಡ್ತೀರಿ? ಅಕ್ಸತೆ ಕಾಲ್ ಕೆಳೀಕೆ ಓಗಬಾರ್ದು ಕಣ್ರೀ. ನಾವೆಲ್ಲ ಇಲ್ಲಿ ಮೇಲೆ ಕಾಲಿಟ್ಕೊಂಡು ಕೂತಿರ್ತೀವಿ, ಅದು ನಮ್ ಪಾದದ ಕೆಳೀಕೆ ಬರಬೇಕಾ? ಮಗಳ ಮದುವೆ ಕಣಪ್ಪ ಇದು."

ಅಷ್ಟರಲ್ಲಿ ಒಬ್ಬ ಬಂದು, ಲೆನ್ಸನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳಲೂ ಬಿಡದೆ ಚೀಲ ಕಿತ್ತುಕೊಂಡ. ಗಗನಸಖಿ, "ಬ್ಯಾಟರಿ ಮಾತ್ರ ತೆಗೆದುಕೊಳ್ಳಿ, ಅವು ಕೆಳಗೆ ಹೋಗಬಾರದು" ಅಂದಳು. ಬ್ಯಾಟರಿಗೂ ಒಂದು ಯೋಗ ಇರುತ್ತದೆ. ಗೋವಾ ಬರುವ ತನಕ ಅವನ್ನು ಪ್ಯಾಂಟಿನ ಜೇಬಿನಲ್ಲಿ ಹಿಡಿದುಕೊಂಡು, ನೆತ್ತಿಯ ಮೇಲೆ ಅಕ್ಷತೆ, ಪಾದದ ಕೆಳಗೆ ಬಳೆ ಇಟ್ಟುಕೊಂಡು ಕೂತಿದ್ದೆ. ಕೆಳಗಿಳಿದು ಲೆನ್ಸನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಅದೇ ಹುಣಸೆಬೀಜ.

ಉಳಿದ ಪುಟ್ಟ ಲೆನ್ಸಿನಲ್ಲೇ ಮದುವೆ ತೆಗೆದೆ. ದೂರದಿಂದ ಬರುವುದಿಲ್ಲವಾದ್ದರಿಂದ ಪುರೋಹಿತರ ಮಡಿಲಲ್ಲಿ ಕೂತಷ್ಟು ಹತ್ತಿರ ನಿಂತಿದ್ದೆ. ನೆಂಟರ ಮೊಬೈಲಿನ ಫೋಟೋಗಳಲ್ಲೆಲ್ಲ ನನ್ನ ಬೆನ್ನೇ ಬಂದಿದೆ ಎಂದು ಬೈಸಿಕೊಂಡೆ. ಇನ್ನು ಅಕ್ಷತೆಯ ಕಥೆ. ಹುಲ್ಲುಹಾಸಿನ ಮೇಲೆ ಅಕ್ಕಿ ಎರಚಿದರೆ ಇಲಿ ಬರುತ್ತವೆ ಎಂದು ಹೋಟೆಲಿನವರು ತಡೆದರು. ಎಲ್ಲರ ಕೈಗೂ ಗುಲಾಬಿ ಎಸಳು ಕೊಟ್ಟರು. ಪುರೋಹಿತರು ಹಿಡಿದ ಒಂದು ಹಿಡಿ ಬಿಟ್ಟರೆ ಅಕ್ಷತೆ ಚೀಲ ಬಾಯಿ ಕಟ್ಟಿದ ಹಾಗೇ ಉಳಿಯಿತು. ಬಹುಪಾಲು ಅಲ್ಲೇ ಅಡುಗೆಮನೆಗೆ ಹೋಯಿತು. ಮನೆದೇವರಿಗೆ ಒಪ್ಪಿಸಲೇಬೇಕು ಎಂದು ಸಾಹುಕಾರರು ಒಂದು ಗಂಟು ಉಳಿಸಿಕೊಂಡರು.

ವಾಪಸ್ ಹೊರಟಾಗ ಅವರ ಕೈಚೀಲಗಳಲ್ಲಿ ಗೋಡಂಬಿ ತುಂಬಿ ಜಿಪ್ಪು ಹಾಕಲು ಬರುತ್ತಿರಲಿಲ್ಲ. ನನ್ನ ಕ್ಯಾಮೆರಾ ಚೀಲ ತೆರೆದು ನೋಡಿದರು. ಮುರಿದ ಲೆನ್ಸನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದ್ದೆನಾದ್ದರಿಂದ ಚೀಲದಲ್ಲಿ ಅದು ಕೂರುವ ಗುಂಡಿ ಖಾಲಿ ಇತ್ತು. "ಇಲ್ಲಿ ಜಾಗ ಐತಲ್ಲ" ಎಂದು ಅಕ್ಷತೆ ಗಂಟನ್ನು ಅದರಲ್ಲಿ ಕೂರಿಸಿದರು. ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ನಾನು ಜಿಪ್ಪು ಎಳೆದೆ.

ವಿಮಾನದೊಳಗೆ ಮತ್ತೆ ಅದೇ ರಾಗ. ಗೂಡು ಭರ್ತಿ. "ಕ್ಯಾಮೆರಾ ಬ್ಯಾಗ್ ಕೆಳಗೆ ಕಳಿಸಬೇಕು ಸರ್." ಇನ್ನು ಒಡೆಯುವುದಕ್ಕೆ ಏನಿದೆ ಎಂದು ಚೀಲ ಕೊಡಲು ಕೈ ಚಾಚಿದೆ.

ಸಾಹುಕಾರರು ಎದ್ದು ನಿಂತರು. "ಏಯ್, ಅದನ್ನ ಮುಟ್ಟಬೇಡಿ" ಎಂದು ಗುಡುಗಿದರು. ದಾರಿಗೆ ಅಡ್ಡ ನಿಂತು, ಈ ಚೀಲ ಕೆಳಗೆ ಹೋದರೆ ತಾವೂ ತಮ್ಮ ಬಳಗವೂ ಇಳಿದುಹೋಗುವುದಾಗಿ ಹೇಳಿದರು. ಹಿಂದಿನಿಂದ ಅತ್ತಿಗೆ, ಷಡ್ಡಕ, ಬೀಗರು ಎಲ್ಲರೂ ದನಿಗೂಡಿಸಿದರು. ಗಗನಸಖಿ ಹೆದರಿ, ವಿಮಾನದ ಸಿಬ್ಬಂದಿ ತಮ್ಮ ಸಾಮಾನು ಇಡುವ ಗೂಡನ್ನು ತೆರೆದು, ಹೊದಿಕೆಯೊಂದನ್ನು ಮಡಿಸಿ ಹಾಸಿ, ಅದರ ಮೇಲೆ ನನ್ನ ಚೀಲವನ್ನು ಎರಡೂ ಕೈಯಿಂದ ಇಟ್ಟಳು. ನನ್ನ ಬಳೆಯ ಗುಂಡಿಯಲ್ಲಿ ಮಿಲ್ಲಿನ ಅಕ್ಕಿ ಮೆತ್ತಗೆ ಮಲಗಿತು. ಬಳೆ ಸೂಟ್‌ಕೇಸಿನಲ್ಲಿ, ಎಲ್ಲರ ಪಾದದ ಕೆಳಗೆ, ಕಲಕಲ ಅನ್ನುತ್ತ ಬಂತು.

ಸಾಹುಕಾರರು ಪಂಚೆ ಸರಿಮಾಡಿಕೊಂಡು ನನ್ನ ಪಕ್ಕ ಕೂತರು. ಹೆಗಲ ಮೇಲೆ ಕೈ ಹಾಕಿ, ದಡ್ಡ ಮಗನಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು:

"ನೋಡುದ್ರಾ ಪೋಟೋದೋರೆ? ಕೇಳೋ ಅಂಗೆ ಕೇಳುದ್ರೆ ಜಾಗ ಕೊಟ್ಟೇ ಕೊಡ್ತಾರೆ. ನೀವು ಬಾಯೇ ಬುಡಾಕಿಲ್ಲ ಕಣ್ರೀ."