ಪರವಾ ಅಂದರೆ ಯಾವತ್ತು?

ತಪ್ಪು ನನ್ನದಲ್ಲ, ನನ್ನ ಓರಗಿತ್ತಿಯದೂ ಅಲ್ಲ, ಮರಾಠಿ ಭಾಷೆಯದು. ಮೊನ್ನೆಗೂ ನಾಡಿದ್ದಿಗೂ ಸೇರಿಸಿ ‘ಪರವಾ’ ಎಂಬ ಒಂದೇ ಶಬ್ದ ಇಟ್ಟುಕೊಂಡ ಜನರ ನಡುವೆ ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಇಷ್ಟು ದಿನ ಏನೂ ಆಗದೆ ಇದ್ದದ್ದೇ ದೊಡ್ಡದು!

ಓರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ವಾಕಡದ ನಮ್ಮ ಕಟ್ಟಡದಲ್ಲೇ ಎರಡು ಮಾಳಿಗೆ ಕೆಳಗಿದ್ದಾಳೆ. ಕುಪ್ಪಸ ಹೊಲಿಯುತ್ತಾಳೆ. ಅವಳಿಗೆ ಮನುಷ್ಯರ ಮುಖ ಗೊತ್ತಿಲ್ಲ, ಬೆನ್ನು ಗೊತ್ತು. ಸುಳ್ಳಲ್ಲ! ಎದುರಿಗೆ ಬಂದವರನ್ನು “ಯಾರ್ರಿ?” ಅನ್ನುತ್ತಾಳೆ. ಅವರು ಸಿಟ್ಟಾಗಿ ತಿರುಗಿ ಹೊರಟರೆ, “ಅಯ್ಯ, ನೀವಾ! ಬರ್ರಿ, ಚಾ ಕುಡೀರಿ” ಎಂದು ಹಿಂದಿನಿಂದ ಕೂಗುತ್ತಾಳೆ.

ಒಮ್ಮೆ ಸಾವಾದ ಮನೆಗೆ ಮಾತಾಡಿಸಲು ಹೋಗಿದ್ದೆವು. ಆ ಮನೆಯ ಮಗಳು ಇವಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಇವಳು ಬೆನ್ನು ಸವರಿದಳು, ಇನ್ನೊಮ್ಮೆ ಸವರಿದಳು, ಆಮೇಲೆ ಕಿವಿಯಲ್ಲಿ, “ತೋಳು ಭಾಳ ಬಿಗಿ ಹಿಡದಾವಲ್ಲ ತಂಗಿ, ಯಾರು ಹೊಲದಾರ?” ಅಂದಳು. ನಾನು ನಾಚಿಕೆಯಿಂದ ಸೆರಗು ಕಚ್ಚಿಕೊಂಡೆ. ಆ ಹುಡುಗಿಯೋ, ಅಳು ನಿಲ್ಲಿಸಿ, “ಯಾವಾಗ ತರ್ಲಿ ಕಾಕೂ?” ಅನ್ನಬೇಕೆ!

ನಾನು ಮಾತ್ರ ಒಂದು ಕುಪ್ಪಸವನ್ನೂ ಅವಳ ಕೈಗೆ ಕೊಟ್ಟವಳಲ್ಲ. ಅವಳು ಮದುವೆಯಾಗಿ ಬಂದ ಹೊಸತರಲ್ಲೇ ನನ್ನನ್ನು ಹಿಂದಿನಿಂದ ನೋಡಿ, “ಅಕ್ಕಾರ ಎಡಗಡಿ ಹೆಗಲು ಸೊಟ್ಟ ಅದ” ಅಂದಿದ್ದಳು. ಇದ್ದರೆ ಇರಲಿ! ನನ್ನ ಹೆಗಲು, ನನ್ನ ಸೊಟ್ಟ.

ಹೀಗಿರುವಾಗ ಮರಾಠಿ ಧಾರಾವಾಹಿಯ ನಟಿಯೊಬ್ಬಳಿಗೆ ಟೀವಿಯವರ ಪ್ರಶಸ್ತಿ ಸಮಾರಂಭಕ್ಕೆ ತೊಡಲು ಗುಳೇದಗುಡ್ಡದ ಖಣದ ಕುಪ್ಪಸ ಬೇಕಾಯಿತು. ಅವಳ ಕಡೆಯವರು ಊರಿನ ಆಚೆ ತುದಿಯ ವಿಮಾನ ನಗರದಿಂದ ಬಂದು ಅಳತೆ ಕೊಟ್ಟು ಹೋದರು. ನಮ್ಮವಳು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಖಣದ ಅಂಚು ಎರಡೂ ಕಡೆಯಿಂದ ಬಂದು ಬೆನ್ನ ನಡುವೆ ಸರಿಯಾಗಿ ಕೂಡಬೇಕು. ಎಳೆಯಷ್ಟು ಜಾರಿದರೂ ಅವಳಿಗೆ ಅನ್ನ ಸೇರುವುದಿಲ್ಲ. ನಾಲ್ಕನೆಯ ಸಲ ಕೂಡಿತು. ಕೊಟ್ಟು ಕಳಿಸಿದಳು. ಆಮೇಲೆ ನನ್ನ ಹತ್ತಿರ ಬಂದು ಕೂತಳು.

“ಅದನ್ನ ಸ್ಟೇಜ್ ಮ್ಯಾಲೆ ಒಂದ್ ಸಲ ನೋಡಬೇಕ್ರಿ ಅಕ್ಕಾರ. ಕಣ್ಣು ಮಂಜಾಗಾಕತ್ತಾವ. ಇಂಥಾದ್ದು ಇನ್ನೊಂದು ನನ್ನ ಕೈಲಿ ಆಗಂಗಿಲ್ಲ.”

“ಆಕಿ ಮುಖ ನೋಡಂಗಿಲ್ಲೇನು?”

“ಮುಖ ಬ್ಯಾರೆಯವರು ನೋಡಲಿ. ನನಗ ಬೆನ್ನು ಸಾಕು.”

ಯಾವತ್ತು, ಎಷ್ಟೊತ್ತಿಗೆ? ಹಾಲಿನವನನ್ನು ಕೇಳಿದಳು, ಇಸ್ತ್ರಿಯವನನ್ನು ಕೇಳಿದಳು. ವಾಚ್‌ಮನ್ ತಲೆ ಕೆರೆದುಕೊಂಡು, ಟೀವಿಯಲ್ಲಿ ದಿನಾ ಯಾರಿಗಾದರೂ ಏನಾದರೂ ಕೊಡುತ್ತಲೇ ಇರುತ್ತಾರೆ ಅಂದನಂತೆ. ನಾನು, “ನಿನಗ ಮರಾಠಿ ಮಾತಾಡಾಕ ಬರಂಗಿಲ್ಲ, ಸುಮ್ನಿರು” ಎಂದು ಎದ್ದೆ. ಎದುರುಮನೆಯ ಮರಾಠಿ ಕಾಕೂ ಲಿಫ್ಟಿನೊಳಗೆ ಕಾಲಿಡುತ್ತಿದ್ದಳು. ಸಮಾರಂಭ ಯಾವತ್ತು ಎಂದು ಕೇಳಿದೆ.

“ಪರವಾ...” ಅಂದಳು. ಲಿಫ್ಟಿನ ಬಾಗಿಲು ಮುಚ್ಚಿತು.

“ನಾಡಿದ್ದು,” ಎಂದು ಬಂದು ಹೇಳಿದೆ. ಎಷ್ಟು ಜಂಬ ನನಗೆ!

ಎಲ್ಲಿ ಬರುತ್ತದೆ ಎಂಬುದನ್ನು ಆವತ್ತೇ ಹುಡುಕಿದರಾಯಿತು ಎಂದಳು ನನ್ನ ಸೊಸೆ. “ಟೀವ್ಯಾಗ ತಪ್ಪಿದ್ರೂ ಚಿಂತಿ ಇಲ್ರಿ ಚಿಗವ್ವ, ಓಟಿಟಿ ಅದ” ಅಂದಳು. ಓರಗಿತ್ತಿ ದೊಡ್ಡದಾಗಿ ತಲೆಯಾಡಿಸಿದಳು. ಆಗಲೇ ನನಗೆ ಸಂಶಯ ಬರಬೇಕಿತ್ತು.

ನಾಡಿದ್ದು ಬಂತು. ಸಂಜೆ ಇವಳೂ ಬಂದಳು, ರೇಶಿಮೆ ಸೀರೆ ಉಟ್ಟು, ಕೈಯಲ್ಲಿ ತಟ್ಟೆ ಹಿಡಿದು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಹಸಿರು ಖಣ.

“ಇದೇನವಾ?”

“ಓಟಿ ಅದ ಅಂದ್ಳಲ್ಲ ನಿಮ್ಮ ಸೊಸಿ!”

ಮರಾಠಿಯವರು ಉಡಿ ತುಂಬುವುದಕ್ಕೆ ಓಟಿ ಅನ್ನುತ್ತಾರೆ. ಸೊಸೆ ನಕ್ಕು ನಕ್ಕು ಸೋಫಾದ ಮೇಲೆ ಬಿದ್ದಳು.

“ಟೀವಿಗೆ ಉಡಿ ಎಲ್ಲಿರ್ತದ, ಹುಚ್ಚಿ?” ಅಂದೆ.

“ಗೆದ್ದಾಕಿಗೆ ಇರ್ತದಲ್ರಿ!” ಎಂದು ತಟ್ಟೆಯನ್ನು ಟೀವಿಯ ಮುಂದಿಟ್ಟೇ ಕೂತಳು.

ಟೀವಿ ಹಚ್ಚಿದೆವು. ಒಂದರಲ್ಲಿ ಬದನೆಕಾಯಿ ಹುರಿಯುತ್ತಿದ್ದರು, ಇನ್ನೊಂದರಲ್ಲಿ ನಾಲ್ಕು ಜನ ಕೂಡಿ ಒದರಾಡುತ್ತಿದ್ದರು. ಪ್ರಶಸ್ತಿ ಕೊಡುವವರು ಎಲ್ಲೂ ಇಲ್ಲ. ಸೊಸೆ ಫೋನಿನಲ್ಲಿ ಹುಡುಕಿ, ಮೆಲ್ಲಗೆ, “ಅತ್ತೀ, ಇದು ಮುಗದು ನಾಕ್ ದಿನ ಆತ್ರಿ” ಅಂದಳು.

ಕಾಕೂನ ಬಾಗಿಲು ಬಡಿದು ಕರೆತಂದೆ. “ಅಗ, ಪರವಾ ಝಾಲಾ ಮ್ಹಟಲಂ ಮೀ!” ಅಂದಳು. ಮೊನ್ನೆ ಆಯಿತು ಅಂದಿದ್ದಳಂತೆ. ‘ಆಯಿತು’ ಅವಳ ಜೊತೆ ಲಿಫ್ಟಿನಲ್ಲಿ ಕೆಳಗಿಳಿದು ಹೋಗಿತ್ತು.

ಓಟಿಟಿಯಲ್ಲಿ ಸಿಕ್ಕಿದ್ದು ಒಂದೇ ಒಂದು ತುಣುಕು. ನಟಿ ನಗುತ್ತ ನಿಂತಿದ್ದಾಳೆ, ಯಾರೋ ದೊಡ್ಡವರು ಶಾಲು ಹೊದಿಸುತ್ತಾರೆ, ಅವಳು ತಿರುಗಿ ಹೋಗುತ್ತಾಳೆ. ಬೆನ್ನ ತುಂಬ ಶಾಲು! ಮೂರು ಸಲ ಹಾಕಿ ನೋಡಿದೆವು. ಮೂರು ಸಲವೂ ಶಾಲೇ.

“ಅದನ್ನರೆ ನೆಟ್ಟಗ ಮಡಚ್ಯಾರೇನು ಮೂಳರು!” ಅಂದಳು ಓರಗಿತ್ತಿ.

ಶಾಲು ಹೊದಿಸುವ ಮೊದಲು ನಟಿ ಗಿರ್‍ರನೆ ಒಂದು ಸುತ್ತು ತಿರುಗಿ ಎಲ್ಲರಿಗೂ ತೋರಿಸಿದ್ದಳೆಂದು, ಆವತ್ತೇ ಟೀವಿಯಲ್ಲಿ ನೋಡಿದ್ದ ಕಾಕೂ ಹೇಳಿದಳು. ಓರಗಿತ್ತಿ ಅವಳ ಕೈ ಹಿಡಿದುಕೊಂಡು, ತನ್ನ ಹರಕು ಮರಾಠಿಯಲ್ಲಿ, ಬೆನ್ನ ಮೇಲೆ ಅಂಚು ಕೂಡಿತ್ತೇ ಎಂದು ಕೇಳಿದಳು.

“ಕಾಠಾಕಡೇ ಕೋಣ ಬಘತಂ?” ಅಂದಳು ಕಾಕೂ. ಅಂಚು ಯಾರು ನೋಡುತ್ತಾರೆ ಅಂತ!

ಓರಗಿತ್ತಿ ಕೈ ಬಿಟ್ಟಳು. ನನ್ನ ಕಡೆ ನೋಡಿ, “ಪರವಾ ಇಲ್ಲ ಬಿಡ್ರಿ ಅಕ್ಕಾರ” ಅಂದಳು. ಆ ಹೊತ್ತಿನಲ್ಲಿ ಅದೇ ಶಬ್ದ ಬರಬೇಕೆ? ಯಾರೂ ನಗಲಿಲ್ಲ. ಅವಳು ತಟ್ಟೆ ಅಲ್ಲೇ ಬಿಟ್ಟು, ಲಿಫ್ಟಿಗೂ ಕಾಯದೆ, ಮೆಟ್ಟಿಲು ಹಿಡಿದು ಇಳಿದು ಹೋದಳು.

ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟಿದ್ದ ಒಲೆಯನ್ನು ಆರಿಸಿ, ಟೀವಿಯ ಮುಂದಿದ್ದ ಹಸಿರು ಖಣವನ್ನು ಎತ್ತಿಕೊಂಡು ಎರಡು ಮಾಳಿಗೆ ಇಳಿದೆ. ಅವಳು ಬಾಗಿಲು ತೆರೆದು ನನ್ನ ಮುಖವನ್ನೇ ಕಣ್ಣು ಕಿರಿದು ಮಾಡಿ ನೋಡಿದಳು.

“ಇದನ್ನ ನನಗ ಹೊಲಿ,” ಅಂದೆ. “ದಿನಾ ನಿನ್ನ ಮುಂದ ಅಡ್ಡಾಡ್ತೀನಿ. ಅಂಚು ಎಷ್ಟು ಬೇಕಷ್ಟು ನೋಡಕೋ. ಶಾಲು ಹೊಚ್ಚಾವರು ಯಾರೂ ಬರಂಗಿಲ್ಲ.”

ಅವಳು ಟೇಪು ಕೊರಳಿಗೆ ಹಾಕಿಕೊಂಡಳು. ನಾನು ತಿರುಗಿ ನಿಂತೆ.

“ಅಕ್ಕಾರ, ಎಡಗಡಿ ಹೆಗಲು...”

“ಗೊತ್ತದ,” ಅಂದೆ. “ಅಳತಿ ತಗೋ.”